ಸೂರಿನ ಕೆಳಗಿನ ಉಸಿರು

ನೆಲೆಯಿಲ್ಲದವರಿಗೆ ನೆರಳು ಕೊಡುವುದನ್ನು ನಾವು ಪುಣ್ಯಕಾರ್ಯವೆಂದೇ ಎಣಿಸುತ್ತ ಬಂದಿದ್ದೇವೆ. ಆದರೆ ಆ ನೆರಳಿನಲ್ಲಿ ಮಲಗಿದವನಿಗೆ ಪಕ್ಕದವನ ಉಸಿರಿನಿಂದಲೇ ರೋಗ ಅಂಟಿದರೆ, ಸೂರು ಕೊಟ್ಟವರ ಹೊಣೆ ಸೂರಿನೊಂದಿಗೇ ಮುಗಿಯಿತೆನ್ನಬಹುದೆ?

ಸಾಲುಹಾಸಿಗೆ, ಮುಚ್ಚಿದ ಕಿಟಕಿ, ದಿನವೂ ಬದಲಾಗುವ ಮಂದಿ: ಫ್ಲೂ, ಕೋವಿಡ್‌ನಂತಹ ಸೋಂಕುಗಳು ಹರಡಲು ಇಷ್ಟು ಸಾಕು. 2020ರ ಏಪ್ರಿಲ್ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ನಿರ್ವಸತಿಗರ ದೊಡ್ಡ ಆಶ್ರಯಕೇಂದ್ರವೊಂದರ 408 ಮಂದಿಯನ್ನು ಪರೀಕ್ಷಿಸಿದಾಗ 147 ಜನರಲ್ಲಿ ಕೊರೊನಾ ವೈರಾಣು ಕಂಡುಬಂತು. ಅವರಲ್ಲಿ ಬಹುಪಾಲು ಜನರಿಗೆ ಜ್ವರವಾಗಲಿ ಕೆಮ್ಮಾಗಲಿ ಇರಲಿಲ್ಲ.

ಈ ಸಂಗತಿ ವೈದ್ಯರಿಗೆ ಮಾತ್ರ ಸಂಬಂಧಿಸಿದುದಲ್ಲ. ಕೆಮ್ಮುವವನನ್ನು ಬಾಗಿಲಲ್ಲೇ ತಡೆದರೆ ಒಳಗಿನವರು ಸುರಕ್ಷಿತರೆಂದು ನಾವು ಭಾವಿಸುತ್ತೇವೆ. ಕೆಮ್ಮುವವನು ಹೊರಗೆ ಚಳಿಯಲ್ಲಿ ನಡುಗುತ್ತಾನೆ. ಕೆಮ್ಮದವನು ತನಗರಿಯದೆಯೇ ಒಳಗೆ ಸೋಂಕು ಹಂಚುತ್ತಾನೆ. ರೋಗಿಯನ್ನು ಅಪರಾಧಿಯಾಗಿಸಿದೆವೇ ಹೊರತು ಉಳಿದವರನ್ನು ಕಾಪಾಡಿದಂತಾಗಲಿಲ್ಲ.

ಹಾಸಿಗೆಗಳ ನಡುವೆ ಅಂತರವಿಟ್ಟರೆ ಅರ್ಧದಷ್ಟು ಜನ ಬೀದಿಗೆ ಬೀಳುವರಲ್ಲವೆ ಎಂಬ ಆಕ್ಷೇಪ ಹಗುರವಾದುದಲ್ಲ. ಕಡುಚಳಿಯ ಒಂದೇ ರಾತ್ರಿ ಪ್ರಾಣ ತೆಗೆಯಬಲ್ಲದು. ಚಳಿಯೋ ಸೋಂಕೋ ಎಂಬ ಈ ಇಕ್ಕಟ್ಟಿನಲ್ಲಿ ಕೇಂದ್ರದ ಮೇಲ್ವಿಚಾರಕನನ್ನು ನಿಲ್ಲಿಸಿ ತೀರ್ಪು ಕೇಳುವುದು ಅನ್ಯಾಯ. ಜಾಗ ಇರುವುದೇ ಇಷ್ಟು ಎಂದು ಸಮಾಜ ಒಪ್ಪಿಕೊಂಡಿರುವವರೆಗೆ ಮಾತ್ರ ಆ ಇಕ್ಕಟ್ಟು ನಿಜ. ಅದೇ 2020ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಪ್ರವಾಸಿಗರಿಲ್ಲದೆ ಬರಿದಾಗಿದ್ದ ಹೋಟೆಲುಗಳಲ್ಲಿ 15,000 ಕೋಣೆಗಳನ್ನು ನಿರ್ವಸತಿಗರಿಗಾಗಿ ಪಡೆಯುವ ಗುರಿಯಿಟ್ಟುಕೊಂಡಿತು. ಕೋಣೆಗಳು ಮೊದಲೂ ಇದ್ದವು. ಅವು ಇವರಿಗೂ ಸಲ್ಲಬಹುದೆಂಬ ಯೋಚನೆ ಹುಟ್ಟಲು ಮಹಾಮಾರಿಯೇ ಬರಬೇಕಾಯಿತು.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಮನೆಯಿಲ್ಲದವರು 17 ಲಕ್ಷಕ್ಕೂ ಅಧಿಕ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮವು ಆಶ್ರಯಕೇಂದ್ರದಲ್ಲಿ ತಲೆಗೆ ಕನಿಷ್ಠ 50 ಚದರ ಅಡಿ ಜಾಗವಿರಬೇಕೆಂದು ಹೇಳಿತ್ತು. ಆ 50 ಅಡಿಯನ್ನು ನಾವು ಉಸಿರಿನ ಹಕ್ಕೆಂದು ಓದಬೇಕು. ಅದರಲ್ಲಿ ಹತ್ತು ಅಡಿ ಕಡಿತವಾದರೂ ಅಷ್ಟರಮಟ್ಟಿಗೆ ನಾವು ಸಾಲಗಾರರು.

ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ನೆನಪು ಗಡಿನಾಡಿನ ನಮಗೆ ಹತ್ತಿರದ್ದು. ಕೆರೆ ಕಟ್ಟಿದ ಮೇಲೆ ಅದರ ನೀರು ಕೆಡದಂತೆ ಕಾಯಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಸೂರಿನ ಕೆಳಗಿನ ಗಾಳಿಗೂ ಅದೇ ನ್ಯಾಯ ಸಲ್ಲುತ್ತದೆ. ಚಳಿಗಾಲದಲ್ಲಿ ಕಂಬಳಿ ಹಂಚಲು ಹೋಗುವ ನಾವು ಇನ್ನು ಮುಂದೆ ಮೂರು ಮಾತು ಕೇಳಿ ಬರೋಣ: ಹಾಸಿಗೆಯಿಂದ ಹಾಸಿಗೆಗೆ ಎಷ್ಟು ಅಂತರವಿದೆ? ಕಿಟಕಿ ತೆರೆಯುತ್ತದೆಯೆ? ಕಾಯಿಲೆ ಬಿದ್ದವನನ್ನು ಬೀದಿಗೆ ಕಳಿಸದೆ ಮಲಗಿಸಲು ಬೇರೊಂದು ಕೋಣೆ ಇದೆಯೆ?