ಕತ್ತರಿ ಹಿಡಿಯುವ ಅಧಿಕಾರ

ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ ಮುಗಿಯಿತೆಂದರೆ ಬಸವನಗುಡಿಯ ನಮ್ಮ ಹಿತ್ತಲಲ್ಲಿ ದುಂಡುಮಲ್ಲಿಗೆಗೆ ಕತ್ತರಿ ಬೀಳುತ್ತದೆ. ಹಿಮ ಸುರಿಯುವ ದೇಶಗಳಲ್ಲಿ ಚಳಿಯೇ ಗಿಡವನ್ನು ಮಲಗಿಸುತ್ತದೆ. ಬೆಂಗಳೂರಿನ ಚಳಿಗೆ ಅಷ್ಟು ಶಕ್ತಿಯಿಲ್ಲ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೇ ಇಲ್ಲಿನ ದಾಖಲೆ. ಇಲ್ಲಿ ಗಿಡವನ್ನು ತಡೆದು ನಿಲ್ಲಿಸುವವರು ನಾವೇ. ಹಾಗೆ ತಡೆಯಲು ನಮಗೇನು ಅಧಿಕಾರ?

ಗಿಡಕ್ಕೇನು ಗೊತ್ತಾಗುತ್ತದೆ ಎಂದು ನಮ್ಮ ಹಿರಿಯರು ಹಗುರಾಗಿ ಹೇಳಲಿಲ್ಲ. ಮರಗಳಿಗೂ ಕಾಣುತ್ತದೆ, ಕೇಳುತ್ತದೆ, ಸುಖದುಃಖ ತಟ್ಟುತ್ತದೆ ಎಂದು ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜನಿಗೆ ಬಿಡಿಸಿ ಹೇಳುತ್ತಾನೆ. ಜೈನರಿಗೆ ಗಿಡ ಏಕೇಂದ್ರಿಯ ಜೀವ. ಮಾನಸ ಪೂಜೆಯ ಎಂಟು ಭಾವಪುಷ್ಪಗಳಲ್ಲಿ ಮೊದಲನೆಯದೇ ಅಹಿಂಸೆ. ಆ ಹೂವನ್ನು ಬಿಟ್ಟು ಬರೀ ಮಲ್ಲಿಗೆ ಏರಿಸಿದರೆ ಪೂಜೆ ಪೂರ್ತಿಯಾದೀತೆ?

‘ಗಿಡದ ಒಳ್ಳೇದಕ್ಕೇ ಅಲ್ವಾ’ ಎನ್ನುವ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಕಾಡುಮಲ್ಲಿಗೆಗೆ ಯಾರೂ ಕತ್ತರಿ ಹಾಕುವುದಿಲ್ಲ, ಅದು ಚೆನ್ನಾಗಿಯೇ ಬಾಳುತ್ತದೆ. ಯುಗಾದಿ, ರಾಮನವಮಿಗೆ ಬುಟ್ಟಿ ತುಂಬ ಮೊಗ್ಗು ಬೇಕಾಗಿರುವುದು ನಮಗೆ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ತುಳಸಿಯ ಮಡಿ. ದ್ವಾದಶಿ ದಿನ ಕೀಳಬಾರದು, ಹೊತ್ತು ಮುಳುಗಿದ ಮೇಲೆ ಮುಟ್ಟಬಾರದು, ಉಗುರು ತಾಗಿಸಬಾರದು, ಕೀಳುವ ಮುಂಚೆ ಕ್ಷಮೆ ಕೇಳಬೇಕು. ನಮ್ಮತ್ತೆ ಇದನ್ನೆಲ್ಲ ತಪ್ಪದೆ ನಡೆಸುತ್ತಿದ್ದರು. ಕೀಳಲು ಅಪ್ಪಣೆಯುಂಟು, ಆದರೆ ಕೈ ಒಂದು ಗಳಿಗೆ ತಡೆದು ಕೇಳಿಕೊಳ್ಳಬೇಕು. ಹಾಗೆ ಕೇಳಿ ಪಡೆದದ್ದು ಸಾಲ. ಸಾಲವೆಂದ ಮೇಲೆ ತೀರಿಸಬೇಕು. ಬೆಳೆದ ಕಡಲೆಕಾಯಿಯನ್ನು ರೈತರು ಮೊದಲು ದೊಡ್ಡ ಬಸವಣ್ಣನಿಗೆ ಒಪ್ಪಿಸುವುದರಲ್ಲಿಯೂ ನನಗೆ ಇದೇ ತಿಳಿವಳಿಕೆ ಕಾಣುತ್ತದೆ.

ಆದ್ದರಿಂದ ಕತ್ತರಿಯ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಕೆಲವು ದಿನ ಮುಂಚೆ ನೀರು ನಿಲ್ಲಿಸಬೇಕು. ರೆಂಬೆಗಳನ್ನೆಲ್ಲ ಹಗ್ಗದಿಂದ ಸಡಿಲವಾಗಿ ಸೇರಿಸಿ ಕಟ್ಟಿ, ಒಣಗಿದ್ದನ್ನೂ ರೋಗ ಹಿಡಿದದ್ದನ್ನೂ ತೆಗೆದು, ಉಳಿದದ್ದನ್ನು ಮೊಣಕಾಲೆತ್ತರಕ್ಕೆ, ಗಿಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಬೇಕು. ಮೊಂಡು ಕತ್ತರಿ ತೊಗಟೆಯನ್ನು ಸೀಳುತ್ತದೆ. ಸಾಣೆ ಹಿಡಿಸಿದ್ದು ಗಾಯವನ್ನು ಚಿಕ್ಕದು ಮಾಡುತ್ತದೆ. ಆಮೇಲೆ ಪಾತಿ ಸಡಿಲಿಸಿ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ ಕೊಟ್ಟು ತರಗೆಲೆ ಹೊದಿಸಬೇಕು. ಇವೆಲ್ಲ ತೋಟದ ಕೆಲಸ ಹೌದು, ನನಗೆ ಇವು ಅನುಷ್ಠಾನವೂ ಹೌದು.

ಸಾಲ ತೀರಿಸುವ ಕಾಲ ಬೇಸಿಗೆ. ನಲ್ಲಿಯಲ್ಲಿ ನೀರು ಬಾರದ ದಿನವೂ ಅಕ್ಕಿ ತೊಳೆದ ನೀರಾದರೂ ಮಲ್ಲಿಗೆಯ ಬುಡಕ್ಕೆ ಸೇರಬೇಕು. ಊರಿಗೆ ಹೊರಟರೆ ಪಕ್ಕದ ಮನೆಯವರಿಗೆ ಹೇಳಿಯೇ ಹೊರಡಬೇಕು. ಮೊಗ್ಗು ಬಿಡಿಸುವಾಗ ಒಂದಷ್ಟನ್ನು ಗಿಡದಲ್ಲೇ ಅರಳಲು ಬಿಡಬೇಕು. ಇಷ್ಟಕ್ಕೆ ಮನಸ್ಸು ಗಟ್ಟಿಯಿದ್ದವರಿಗೆ ಕಡಿಯುವ ಅಧಿಕಾರವುಂಟು. ಇಲ್ಲದವರು, ದೇವರ ಹೆಸರಿನಲ್ಲಿಯೂ, ಕತ್ತರಿ ಮುಟ್ಟಬಾರದು.