ಋತುವಿನ ಋಣ

ಹಿಮದ ಚಳಿಗಾಲ, ಚೆರ್ರಿ ಹೂವಿನ ವಸಂತ, ಸೆಕೆಯ ಬೇಸಿಗೆ, ಕೆಂಪೆಲೆಯ ಶರತ್ತು: ಜಪಾನಿನ ಕ್ಯೋಟೋದಲ್ಲಿ ನಾಲ್ಕು ಋತುಗಳೂ ಎದ್ದು ಕಾಣುತ್ತವೆ. ಅಲ್ಲಿ ಚೆರ್ರಿ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದಲೂ ಸಿಗುತ್ತದೆ. ಹೂ ನೋಡಲು ಹೋದ ಆಸ್ಥಾನಿಕರು, ಭಿಕ್ಷುಗಳು ತಮ್ಮ ಪಾಡಿಗೆ ದಿನಚರಿಯಲ್ಲಿ ಬರೆದಿಟ್ಟದ್ದು ಅದು. 2021ರಲ್ಲಿ ಮಾರ್ಚ್ 26ಕ್ಕೇ ಮರಗಳು ತುಂಬಿ ಅರಳಿದವು. ಅದುವರೆಗಿನ ದಾಖಲೆಗಳಲ್ಲಿ ಅಷ್ಟು ಬೇಗ ಅರಳಿದ್ದಿಲ್ಲ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಆ ದಿನಚರಿಗಳು ಇಂದು ಸಾಕ್ಷಿ.

ಕೊಡುವ ಉದ್ದೇಶವಿಲ್ಲದೆ ಕೊಟ್ಟವರಿಗೂ ನಾವು ಋಣಿಗಳೇ? ಹೌದೆನ್ನುತ್ತೇನೆ. ಪಡೆದವರು ಅರಿತ ಕ್ಷಣದಲ್ಲೇ ಋಣ ಹುಟ್ಟುತ್ತದೆ. ಅವರಿಗೆ ತೀರಿಸಲಾಗದ್ದನ್ನು ಮುಂದಿನವರಿಗೆ ತೀರಿಸಬೇಕು. ಅವರು ತಿಳಿಯದೆ ಉಪಕಾರ ಮಾಡಿದರು. ತಿಳಿದೂ ಕಲ್ಲಿದ್ದಲು, ಎಣ್ಣೆ ಉರಿಸುತ್ತಿರುವ ನಮಗೆ ಗೊತ್ತಿರಲಿಲ್ಲ ಎನ್ನುವ ನೆಪವೂ ಇಲ್ಲ.