ಮಾಡಿದ ಕೈ, ನೋಡುವ ಕಣ್ಣು

ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರನಾಗಿ ದುಡಿದವನು. ಅಲ್ಲಿ ಕಲಿತ ಮೊದಲ ಪಾಠ, ಕೆಲಸ ಮಾಡಿದವನೇ ಅದನ್ನು ಪಾಸು ಮಾಡುವಂತಿಲ್ಲ ಎಂಬುದು. ಫಿಟ್ಟರ್ ಎಂಥ ನಿಪುಣನಾದರೂ ಸರಿ, ಅವನು ಬಿಗಿದ ಬೋಲ್ಟಿಗೆ ಠಸ್ಸೆ ಒತ್ತಬೇಕಾದವನು ಇನ್ನೊಬ್ಬ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಕಾರ್ಖಾನೆ ಹೇಳುವ ರೀತಿ ಅದು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಈ ನಂಬಿಕೆ ಅಲ್ಲಾಡಿತು. ನೆರೆಮನೆಯಾತ ಗ್ಯಾರೇಜಿನಲ್ಲಿ ತಾನೇ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ಹೊಸ ಕಾಲು ಕೂಡಿಸುತ್ತಿದ್ದ. ಆ ಸೀಮೆಯಲ್ಲಿ ಇದು ವಿಚಿತ್ರವೇನಲ್ಲ. ಮನೆಯಲ್ಲೇ ವಿಮಾನ ಕಟ್ಟುವವರ ಸಂಘ ಅಲ್ಲಿ 1953ರಲ್ಲೇ ಹುಟ್ಟಿತು. ಅಲ್ಲಿನ ಆಷ್‌ಕಾಷ್ ಊರಿನ ಸ್ಟೀವ್ ವಿಟ್‌ಮನ್ ರೂಪಿಸಿದ ಸ್ಪ್ರಿಂಗ್ ಉಕ್ಕಿನ ಕಾಲನ್ನು 1940ರ ದಶಕದಲ್ಲಿ ಸೆಸ್ನಾ ಕಂಪನಿಯೇ ತನ್ನ ವಿಮಾನಗಳಿಗೆ ತೆಗೆದುಕೊಂಡಿತ್ತು. ಕಟ್ಟಿದಾತ ಅರ್ಹತಾಪತ್ರ ಪಡೆದರೆ ವರ್ಷಕ್ಕೊಮ್ಮೆಯ ತಪಾಸಣೆಯನ್ನೂ ತಾನೇ ಮಾಡಬಹುದು. ಕೈಯೂ ಅವನದೇ, ಕಣ್ಣೂ ಅವನದೇ.

ಹಳೆಯ ಕಾಲುಗಳು ಬಿರುಸಾದ ಇಳಿತಗಳಿಗೆ ಸೋತು ಅಗಲಿಸಿಕೊಂಡಿದ್ದವು. ಹೊಸದನ್ನು ದಪ್ಪ ಅಲ್ಯೂಮಿನಿಯಂ ಪಟ್ಟಿಯಿಂದ ಮಾಡಿದ್ದ. ಅಂಚುಗಳನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ತಿಕ್ಕಿ, ಕನ್ನಡಿಯಂತೆ ನುಣುಪಾಗಿಸಿದ್ದ. ಅಡ್ಡಗೀರೊಂದು ಉಳಿದರೂ ನೂರಾರು ಇಳಿತಗಳ ಬಳುಕಾಟದಲ್ಲಿ ಬಿರುಕು ಹುಟ್ಟುವುದು ಅಲ್ಲಿಂದಲೇ. ಚಕ್ರಗಳು ನೇರ ನೋಡುವಂತೆ ಅಚ್ಚಿನ ಬುಡಕ್ಕೆ ತೆಳ್ಳನೆಯ ಓರೆ ತಗಡು ಕೊಟ್ಟಿದ್ದ. ಬಾಲದಡಿ ಚಕ್ರವಿರುವ ವಿಮಾನ, ಈ ನೇರ ತಪ್ಪಿದರೆ, ರನ್‌ವೇ ಮೇಲೆಯೇ ಗಿರ್ರನೆ ತಿರುಗಿಬಿಡಬಹುದು. ಇಷ್ಟು ಶ್ರದ್ಧೆ ಕಾರ್ಖಾನೆಯಲ್ಲೂ ಅಪರೂಪ.

ಆದರೆ ಒಂದು ರಂಧ್ರ. ರಂಧ್ರದ ನಡುವಿನಿಂದ ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟಾದರೂ ಜಾಗವಿರಬೇಕೆಂಬುದು ವಿಮಾನ ಕೆಲಸದ ರೂಢಿ. ಇಲ್ಲಿ ಒಂದೂವರೆಯ ಮೇಲೆ ತುಸು ಇತ್ತು. ತೋರಿಸಿದೆ. "ನೋಡಿದ್ದೆ. ತಡೆದೀತು ಅಂದುಕೊಂಡೆ. ಹಾರುವವನು ನಾನೇ ತಾನೆ?" ಎಂದ.

ಆ ಮಾತು ನನ್ನನ್ನು ಕೆಲವು ದಿನ ಕಾಡಿತು. ನನ್ನ ಜೀವ ನನ್ನದು ಎನ್ನುವವನಿಗೆ ಯಾವ ಇನ್‌ಸ್ಪೆಕ್ಟರ್ ಏನು ಹೇಳಬಲ್ಲ? ನಾವು ಠಸ್ಸೆ ಒತ್ತಿ ಮನೆಗೆ ಹೋಗುತ್ತಿದ್ದೆವು. ಹಾರುತ್ತಿದ್ದವರು ಬೇರೆ ಯಾರೋ. ಇವನು ತನ್ನ ಠಸ್ಸೆಯ ಮೇಲೆ ತಾನೇ ಕೂರುವವನು. ಆ ಲೆಕ್ಕದಲ್ಲಿ ನಮಗಿಂತ ಒಂದು ಮೆಟ್ಟಿಲು ಮೇಲೆ ಎಂದೇ ಒಪ್ಪಬೇಕು. ಆದರೂ, ಜೀವ ಒತ್ತೆಯಿಟ್ಟ ಮಾತ್ರಕ್ಕೆ ಮನುಷ್ಯ ಸರಿಯಾಗಿ ನೋಡುತ್ತಾನೆಯೆ? ಮೂರು ತಿಂಗಳ ದುಡಿಮೆ ಕಣ್ಣಿಗೆ ಅಡ್ಡ ನಿಂತಿರುತ್ತದಲ್ಲ! ಒಬ್ಬನೇ ಕೆಲವು ಗಂಟೆ ಹಾರಿ ಪರೀಕ್ಷಿಸಬಹುದು, ನಿಜ. ನೂರಾರು ಇಳಿತಗಳ ನಂತರ ಬಾಯಿಬಿಡುವ ಬಿರುಕು ಅಷ್ಟರಲ್ಲಿ ಕಾಣುವುದಿಲ್ಲ.

ಅಲ್ಲದೆ ಆ ವಿಮಾನದಲ್ಲಿ ಎರಡನೆಯ ಸೀಟಿತ್ತು. ಅದರೆದುರಿಗೆ ಕಾನೂನು ಕಡ್ಡಾಯ ಮಾಡಿದ ಫಲಕ: ಇದು ಹವ್ಯಾಸಿಗಳು ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿಲ್ಲ. ಓದಿ ಹತ್ತಿದವನು ಒಪ್ಪಿಯೇ ಹತ್ತಿದ ಎಂದು ವಾದಿಸಬಹುದು. ಆದರೆ ಫಲಕ ಆ ರಂಧ್ರದ ಸುದ್ದಿ ಹೇಳುವುದಿಲ್ಲ. ಹತ್ತುವವನು ಫಲಕವನ್ನು ಓದುತ್ತಾನೆ, ನಂಬುವುದು ಮಾತ್ರ ಪಕ್ಕದಲ್ಲಿ ಕೂತವನ ಮುಖವನ್ನು.

ಇಷ್ಟನ್ನೆಲ್ಲ ನಾನು ಅವನಿಗೆ ಉಪದೇಶಿಸಲಿಲ್ಲ. "ಪರೀಕ್ಷೆ ಮುಗಿದ ಮೇಲೆ ಆ ಸೀಟಿನಲ್ಲಿ ಮೊದಲು ಯಾರು?" ಎಂದಷ್ಟೇ ಕೇಳಿದೆ. "ನನ್ನ ಮಗಳು" ಎಂದು, ಬಹಳ ಹೊತ್ತು ಅರವನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತ.

ಕೆಲವು ದಿನಗಳಲ್ಲಿ ಹೊಸ ಪಟ್ಟಿ ಬಂತು. ಮೊದಲಿನ ಕಾಲನ್ನು ಎಸೆಯದೆ, ಆ ರಂಧ್ರಕ್ಕೆ ಕೆಂಪು ಬಣ್ಣ ಬಳಿದು ಗೋಡೆಗೆ ತೂಗುಹಾಕಿದ. ಗುರುತು ಹಾಕಿ, ಕೊರೆಯುವ ಮುನ್ನ ಬೇಲಿಯಾಚೆಯಿಂದ ನನ್ನನ್ನು ಕೂಗಿದ. ಕನ್ನಡಕ ಒರೆಸಿಕೊಂಡು ಹೋದೆ.